ಕೌಲ್‌ಬಜಾರಿನ ವಾಲ್ವ್ ಆಂಪ್, ಆರ್ಕೆಸ್ಟ್ರಾದ ಜೆಸಿ-120

ಬಳ್ಳಾರಿ ಕೌಲ್‌ಬಜಾರಿನಲ್ಲಿ ಹಿರಿಯರೊಬ್ಬರು ತಮ್ಮ ಹಳೇ ಗಿಟಾರ್ ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಮಾರಾಟಕ್ಕಿಟ್ಟಿದ್ದಾರೆ, ಫೆಂಡರ್ ಡಿಲಕ್ಸ್ ರಿವರ್ಬ್. ಎಪ್ಪತ್ತರ ದಶಕದ್ದು, ನಾಬ್‌ಗಳ ಪಟ್ಟಿ ಬೆಳ್ಳಿ ಬಣ್ಣದ್ದು. ವಾರ ಇಟ್ಕೊಂಡು ನೋಡು ಅಂದರು. ನಮ್ಮ ಆರ್ಕೆಸ್ಟ್ರಾದ ಆಂಪ್ ರೋಲ್ಯಾಂಡ್ ಜೆಸಿ-120 ಹೇಗೂ ಮನೆಯಲ್ಲೇ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟೆ.

ಫೆಂಡರ್ ವಾಲ್ವಿನದು, ಅಂದರೆ ಹಳೇ ರೇಡಿಯೋದಲ್ಲಿದ್ದಂಥ, ಕಾದು ಕೆಲಸ ಮಾಡುವ ಗಾಜಿನ ಕೊಳವೆಗಳದು. ಜೆಸಿ ಪೂರ್ತಿ ಟ್ರಾನ್ಸಿಸ್ಟರ್. 120 ವ್ಯಾಟ್, 12 ಇಂಚಿನ ಎರಡು ಸ್ಪೀಕರ್. ಫೆಂಡರ್ ಬರೀ 22 ವ್ಯಾಟ್, ಸ್ಪೀಕರ್ ಒಂದೇ. ಆದರೆ ಆ 22ಕ್ಕೇ ನಮ್ಮ ಹಾಲ್‌ನ ಕಿಟಕಿ ಗಾಜು ನಡುಗಿತು.

ಜೆಸಿ ಸ್ವಿಚ್ ಹಾಕಿದ ಕೂಡಲೇ ರೆಡಿ. ಫೆಂಡರ್‌ಗೆ ಪವರ್ ಸ್ವಿಚ್ ಬೇರೆ, ವಾಲ್ವ್ ಕಾಯುವವರೆಗೆ ತಡೆದಿಡುವ ಸ್ಟ್ಯಾಂಡ್‌ಬೈ ಸ್ವಿಚ್ ಬೇರೆ. "ವಾಲ್ವ್ ಕಾಯ್ಲಿ ತಮ್ಮಾ, ಅವಸರ ಮಾಡಬ್ಯಾಡ" ಅಂದಿದ್ದರು ಹಿರಿಯರು. ಹಿಂದೆ ಬಗ್ಗಿ ನೋಡಿದರೆ ಕೆಂಡದಂಥ ಸಣ್ಣ ಬೆಳಕು, ಕಾದ ಧೂಳಿನ ವಾಸನೆ. ಥೇಟ್ ಅಜ್ಜನ ರೇಡಿಯೋ.

ವಾಲ್ಯೂಮ್ 3ರವರೆಗೆ ತಿಳಿ ದನಿ. 5 ದಾಟಿದರೆ ಮಜಾ ಶುರು. ಮೆಲ್ಲಗೆ ಮೀಟಿದರೆ ತಿಳಿಯಾಗೇ ಇರುತ್ತದೆ, ಜೋರಾಗಿ ಮೀಟಿದರೆ ಗೊರಗುಟ್ಟುತ್ತದೆ. ಬೆರಳೇ ನಾಬ್ ಅಲ್ವಾ! ಜೆಸಿಯಲ್ಲಿ ಇದಾಗಲ್ಲ. ಅದರ ಡಿಸ್ಟಾರ್ಷನ್ (ದನಿ ಗೊರಗುಟ್ಟಿಸುವ) ನಾಬ್ ಸುಮ್ನೆ ಇದೆ, ಡಬ್ಬದಲ್ಲಿ ದುಂಬಿ ಕೂಡಿಹಾಕಿದ ಹಾಗೆ. ಕೋರಸ್ (ಒಂದೇ ಗಿಟಾರ್ ಹಲವು ನುಡಿದಂತೆ ಕೇಳಿಸುವುದು) ಮಾತ್ರ ಅದರದ್ದೇ. ಒಂದು ಸ್ಪೀಕರಿನಿಂದ ನೇರ ಸದ್ದು, ಇನ್ನೊಂದರಿಂದ ತೇಲುವ ಸದ್ದು. ಎರಡೂ ಗಾಳಿಯಲ್ಲೇ ಬೆರೆಯುತ್ತವೆ.

ಇನ್ನು ಕರೆಂಟಿನ ಕಥೆ. ಈ ಫೆಂಡರ್ ಅಮೆರಿಕದ 120 ವೋಲ್ಟಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಮುಗೀತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಅದು ವೋಲ್ಟೇಜ್ ಇಳಿಸುತ್ತದೆ ಅಷ್ಟೇ, ಏರಿಳಿತ ತಡೆಯಲ್ಲ. ಸಂಜೆ ಓಣಿಯ ಎಸಿಗಳೆಲ್ಲ ಶುರುವಾದಾಗ ಗೋಡೆಯ ಪ್ಲಗ್ಗಿನಲ್ಲಿ ಮೀಟರ್ 195 ತೋರಿಸಿತು. ನಾಬ್ ಮುಟ್ಟಿಲ್ಲ, ಆದರೂ ದನಿ ಮೆತ್ತಗಾಗಿ ಬೇಗ ಒಡೆಯತೊಡಗಿತು. ಮನೆಯಲ್ಲಿ ಕೇಳಲು ಚೆಂದ. ಗಣಪತಿ ಪೆಂಡಾಲಿನಲ್ಲಿ, ಜನರೇಟರ್ ಮೇಲೆ? ನನಗೆ ಧೈರ್ಯವಿಲ್ಲ. ಅಲ್ಲಿಗೆ ಜೆಸಿಯೇ. 28 ಕಿಲೋ ಹೊರುವ ಗೋಳು ಇದ್ದದ್ದೇ.

ಹಾಂ, ವಾಲ್ವ್ ಆಂಪ್ ಬಿಚ್ಚಿ ಒಳಗೆ ಕೈ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಕರೆಂಟ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿನಷ್ಟು ಉಳಿದಿರಬಹುದು.

ಮನೆಗೆ, ರೆಕಾರ್ಡಿಂಗಿಗೆ ಫೆಂಡರ್ ಬೇಕೇ ಬೇಕು ಅನ್ನಿಸಿದೆ. ಆದರೆ ಅದರ ಕೆಪಾಸಿಟರ್‌ಗಳು ಹಳೆಯವೇ, ಗುಂಯ್ ಅನ್ನುವ ಸದ್ದು ಜಾಸ್ತಿ. ಬದಲಿಸುವ ಖರ್ಚು ಬೆಲೆಯಲ್ಲಿ ಕಳೀರಿ ಅಂದಿದ್ದೇನೆ. ಹಿರಿಯರು ಚಹಾ ಕುಡಿಸಿದರು, ಹೂಂ ಅನ್ನಲಿಲ್ಲ.