ಬೆಲ್ಟ್ ಗ್ರೈಂಡರ್‌ಗೆ ಪುಲ್ಲಿಯೋ, ವಿಎಫ್‌ಡಿಯೋ?

ಚಾಕು ಮಾಡುವ ಹುಚ್ಚು ಹಿಡಿದ ಮೇಲೆ ಮನೆಯಲ್ಲೇ ಎರಡು ಬೆಲ್ಟ್ ಗ್ರೈಂಡರ್ ಕಟ್ಟಿದ್ದೇನೆ. ಎರಡಕ್ಕೂ ಹಾಕುವುದು 2 ಇಂಚು ಅಗಲ, 72 ಇಂಚು ಉದ್ದದ, ಸ್ಯಾಂಡ್‌ಪೇಪರಿನಂತೆ ಉಜ್ಜುವ ಬೆಲ್ಟ್. ಚೌಕಟ್ಟೂ ಹೆಚ್ಚುಕಮ್ಮಿ ಒಂದೇ. ಬೇರೆ ಇರುವುದು ಮೋಟಾರು, ಮತ್ತೆ ವೇಗ ಬದಲಿಸುವ ರೀತಿ: ಒಂದಕ್ಕೆ ಪುಲ್ಲಿ, ಇನ್ನೊಂದಕ್ಕೆ ವಿಎಫ್‌ಡಿ, ಅಂದರೆ ಮೋಟಾರಿಗೆ ಹೋಗುವ ಕರೆಂಟಿನ ಹರ್ಟ್ಜ್ ಬದಲಿಸಿ ವೇಗ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ.

ಅದಕ್ಕೂ ಮೊದಲು ಹಳೇ ವಾಷಿಂಗ್ ಮಷೀನ್ ಮೋಟಾರು ಹಾಕಿ ನೋಡಿದ್ದೆ. ಅದರ ಮೈ ತೆರೆದೇ ಇರುತ್ತದೆ. ಉಕ್ಕಿನ ಪುಡಿಯನ್ನೆಲ್ಲ ಒಳಗೆ ಎಳೆದುಕೊಂಡು ಸುಟ್ಟುಹೋಯಿತು. ಫ್ಯಾನ್ ಹೊರಗಿದ್ದು ಮೈ ಪೂರ್ತಿ ಮುಚ್ಚಿರುವ ಮೋಟಾರೇ ಬೇಕು.

ಮೊದಲನೆಯದು 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, 1440 ಆರ್‌ಪಿಎಂ. ಮೋಟಾರಿಗೊಂದು, ಚಕ್ರದ ಶಾಫ್ಟಿಗೊಂದು ಮೂರು ಮೆಟ್ಟಿಲ ಪುಲ್ಲಿ, ನಡುವೆ ವಿ-ಬೆಲ್ಟ್. ಉಜ್ಜುವ ಬೆಲ್ಟ್ ಓಡಿಸುವ ಚಕ್ರ 100 ಮಿ.ಮೀ. ವಿ-ಬೆಲ್ಟ್ ನಡುವಿನ ಮೆಟ್ಟಿಲಲ್ಲಿದ್ದರೆ ಉಜ್ಜುವ ಬೆಲ್ಟ್ ಸೆಕೆಂಡಿಗೆ 7.5 ಮೀಟರ್ ಓಡುತ್ತದೆ. ಒಂದು ಮೆಟ್ಟಿಲು ಆಚೆಗೆ ಹಾಕಿದರೆ 15, ಈಚೆಗೆ ಹಾಕಿದರೆ 3.8. ಎಲೆಕ್ಟ್ರಾನಿಕ್ಸ್ ಇಲ್ಲ, ಕೆಡುವಂಥದ್ದು ಏನೂ ಇಲ್ಲ.

ತೊಂದರೆ ಎರಡು. 15ಕ್ಕೆ ಹಾಕಿದಾಗ ವೇಗ ದುಪ್ಪಟ್ಟಾಗುತ್ತದೆ, ಚಕ್ರದಲ್ಲಿನ ಬಲ ಅರ್ಧಕ್ಕೆ ಇಳಿಯುತ್ತದೆ. 36 ಗ್ರಿಟ್‌ನ ಒರಟು ಬೆಲ್ಟಿಗೆ ಉಕ್ಕನ್ನು ಒತ್ತಿ ಹಿಡಿದರೆ ವಿ-ಬೆಲ್ಟ್ ಕಿರುಚಿಕೊಂಡು ಜಾರುತ್ತದೆ. ಎರಡನೆಯದು ನನ್ನ ಸೋಮಾರಿತನ. ವೇಗ ಬದಲಿಸಲು ಮೋಟಾರು ನಿಲ್ಲಿಸಬೇಕು, ಬೋಲ್ಟ್ ಸಡಿಲ ಮಾಡಬೇಕು, ಬೆಲ್ಟ್ ದಾಟಿಸಿ ಮತ್ತೆ ಬಿಗಿಯಬೇಕು. ಐದು ನಿಮಿಷದ ಕೆಲಸ. ಯಾರು ಮಾಡುತ್ತಾರೆ, ಅಲ್ವಾ?

ಹಾಗೆ ಮಾಡದೇ ಇದ್ದುದಕ್ಕೆ ಒಂದು ಚಾಕು ಹೋಯಿತು. ಉಕ್ಕನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ್ದೆ. ಆಮೇಲೆ 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟು ಹದ ತಂದಿದ್ದೆ. ಇನ್ನೇನು ಅಂಚು ತೆಳ್ಳಗೆ ಮಾಡಿದರೆ ಮುಗಿಯಿತು. 15ರ ವೇಗದಲ್ಲೇ 120 ಗ್ರಿಟ್ ಹಚ್ಚಿದೆ. ಮೊನೆಯ ಹತ್ತಿರ ಒಂದು ಕ್ಷಣ ಕೈ ನಿಂತಿತು ಅಷ್ಟೇ. ಮೊದಲು ಒಣಹುಲ್ಲಿನ ಬಣ್ಣ, ಕಣ್ಣು ಮಿಟುಕಿಸುವಷ್ಟರಲ್ಲಿ ನೇರಳೆ, ನೀಲಿ. ಉಗುರಿನಷ್ಟು ಅಗಲದ ನೀಲಿ ಕಲೆ. ನೀಲಿ ಬಂತೆಂದರೆ 300 ಡಿಗ್ರಿಯ ಆಸುಪಾಸಿಗೆ ಹೋಗಿದೆ ಎಂದರ್ಥ. ಅಲ್ಲಿ ಹದ ಕೆಟ್ಟಿತು. ಆಮೇಲೆ ನೀರಲ್ಲಿ ಅದ್ದಿ ಏನೂ ಪ್ರಯೋಜನವಿಲ್ಲ.

ಎರಡನೆಯದನ್ನು ಕಟ್ಟಿದ್ದು ಆ ಸಿಟ್ಟಿನಲ್ಲೇ. 2 ಎಚ್‌ಪಿ ತ್ರೀ ಫೇಸ್ ಮೋಟಾರು, ಅದರ ಶಾಫ್ಟಿಗೇ 150 ಮಿ.ಮೀ. ಚಕ್ರ, ಮನೆಯ ಸಿಂಗಲ್ ಫೇಸ್ ಕರೆಂಟಿನಿಂದ ಅದನ್ನು ಓಡಿಸಲು ಒಂದು ವಿಎಫ್‌ಡಿ. ಗುಂಡಿ ತಿರುಗಿಸಿದರೆ ಸಾಕು. 50 ಹರ್ಟ್ಜ್‌ನಲ್ಲಿ ಸೆಕೆಂಡಿಗೆ 11 ಮೀಟರ್, 10 ಹರ್ಟ್ಜ್‌ನಲ್ಲಿ 2 ಮೀಟರ್ ಚಿಲ್ಲರೆ. ವೇಗ ಇಳಿಸಿದರೂ ಬಲ ಇಳಿಯುವುದಿಲ್ಲ. ಗಟ್ಟಿ ಮಾಡಿದ ಅಂಚನ್ನು ಈಗ ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗಿದಾಗಲೆಲ್ಲ ನೀರಿಗೆ ಅದ್ದುತ್ತಾ ನಿಧಾನವಾಗಿ ಮಸೆಯುತ್ತೇನೆ. ನನ್ನ ಮಟ್ಟಿಗೆ 2 ಎಚ್‌ಪಿಗಿಂತ ಈ ನಿಧಾನವೇ ದೊಡ್ಡದು.

ಇದಕ್ಕೂ ರಗಳೆಗಳಿವೆ. ಮೊದಲ ದಿನ ಬೆರಳಲ್ಲಿ ಒತ್ತಿದರೂ ಮೋಟಾರು ನಿಂತುಬಿಡುತ್ತಿತ್ತು. ಒಂದು ಸಂಜೆ ಪೂರ್ತಿ ವಿಎಫ್‌ಡಿಯನ್ನೇ ಬೈದೆ. ತಪ್ಪು ನನ್ನದೇ. ಮೋಟಾರಿನ ತಗಡಿನ ಮೇಲೆ 230/400 ವೋಲ್ಟ್ ಎಂದಿತ್ತು. ವಿಎಫ್‌ಡಿ ಕೊಡುವುದು 230. ಮೋಟಾರಿನ ಸುರುಳಿಗಳನ್ನು ಜೋಡಿಸಲು ಡೆಲ್ಟಾ, ಸ್ಟಾರ್ ಎಂದು ಎರಡು ರೀತಿ. 230ಕ್ಕೆ ಡೆಲ್ಟಾ ಕನೆಕ್ಷನ್ ಬೇಕು, ನಾನು ಸ್ಟಾರ್‌ನಲ್ಲೇ ಬಿಟ್ಟಿದ್ದೆ. ಒಳಗಿನ ಮೂರು ಪಟ್ಟಿ ಬದಲಿಸಿದ ಮೇಲೆ ಸರಿಹೋಯಿತು. ಮೋಟಾರು ಕೊಳ್ಳುವಾಗಲೇ ಆ ತಗಡು ಓದಿ. ಉಕ್ಕಿನ ಪುಡಿ ಒಳಹೊಕ್ಕರೆ ವಿಎಫ್‌ಡಿ ಶಾರ್ಟ್ ಆಗುತ್ತದೆ, ಹಾಗಾಗಿ ಅದನ್ನು ಮುಚ್ಚಿದ ದೊಡ್ಡ ಡಬ್ಬಿಯೊಳಗಿಟ್ಟು ಗುಂಡಿ ಮಾತ್ರ ಹೊರಗೆ ತಂದಿದ್ದೇನೆ. ತೀರಾ ನಿಧಾನವಾಗಿ ತುಂಬಾ ಹೊತ್ತು ಓಡಿಸಿದರೆ ಮೋಟಾರಿನ ಫ್ಯಾನೂ ನಿಧಾನವಾಗಿ ಮೈ ಬಿಸಿಯಾಗುತ್ತದೆ. ಆಗಾಗ ಮುಟ್ಟಿ ನೋಡುತ್ತೇನೆ.

ಬೆಲ್ಟ್ ಬಿಗಿಯಲು ಒಂದಕ್ಕೆ ಸ್ಪ್ರಿಂಗ್, ಇನ್ನೊಂದಕ್ಕೆ ಗ್ಯಾಸ್ ಸ್ಟ್ರಟ್ (ಒಳಗಿನ ಗ್ಯಾಸಿನ ಒತ್ತಡದಿಂದ ತಳ್ಳುವ ಕೊಳವೆ) ಹಾಕಿದ್ದೇನೆ. ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಮೇಲಿನ ಚಕ್ರದ ಆಕಾರ ಮಾತ್ರ ಸರಿ ಇರಬೇಕು. ಮೊದಲು ಸಪಾಟಾದ ಚಕ್ರ ಹಾಕಿದ್ದಕ್ಕೆ ಬೆಲ್ಟ್ ಜಾರಿ ಗೋಡೆಗೆ ಹೊಡೆಯಿತು. ಚಕ್ರದ ನಡು ಸ್ವಲ್ಪ ಉಬ್ಬಿರಬೇಕು, ಬೆಲ್ಟ್ ಯಾವಾಗಲೂ ಉಬ್ಬಿನ ಕಡೆಗೇ ಹತ್ತುತ್ತದೆ. ಲೇತ್‌ನಲ್ಲಿ ಮಾಡಿಸುವ ತನಕ ನಡುವೆ ನಾಲ್ಕು ಸುತ್ತು ಟೇಪ್ ಸುತ್ತಿಯೇ ಓಡಿಸಿದೆ.

ಹಾಗಂತ ಪುಲ್ಲಿ ಯಂತ್ರವನ್ನು ಬಿಚ್ಚಿ ಹಾಕಿಲ್ಲ. ಮರದ ಪುಡಿಯ ಮೇಲೆ ಉಕ್ಕಿನ ಕಿಡಿ ಬಿದ್ದರೆ ಬೆಂಕಿ ಹತ್ತುತ್ತದೆ. ಅದಕ್ಕೇ ಹಿಡಿಯ ಮರ ಉಜ್ಜಲು ಅದನ್ನೇ ಬೇರೆ ಇಟ್ಟುಕೊಂಡಿದ್ದೇನೆ. ಕೆಳಗಿನ ವೇಗಕ್ಕೆ ಹಾಕಿ ಬೋಲ್ಟ್ ಬಿಗಿದಿದ್ದು, ಇವತ್ತಿನವರೆಗೂ ಮುಟ್ಟಿಲ್ಲ.