ಒಣದ್ರಾಕ್ಷಿ ಹಾಕಿದ ಗೋಧಿ ಬಿಯರ್ ಬಾಟಲಿ ಸಿಡಿಯಿತು, ದಯವಿಟ್ಟು ಹೀಗೆ ಮಾಡಬೇಡಿ

ಮನೆಯಲ್ಲೇ ಬಿಯರ್ ಮಾಡಿ ನೋಡೋಣ ಅಂದುಕೊಂಡಿರುವವರು, ಅದರಲ್ಲೂ ನಮ್ಮ ವಿಜಯಪುರದಂಥ ಬಿಸಿಲೂರಿನವರು, ಇದನ್ನು ಪೂರ್ತಿ ಓದಿ. ನನ್ನ ಬಲಗೈಗೆ ಆರು ಹೊಲಿಗೆ ಬಿದ್ದಿವೆ. ಒಂದು ಗಳಿಗೆ ತಡವಾಗಿದ್ದರೆ ಅಕ್ಕನ ಮಗನ ಕಣ್ಣೇ ಹೋಗುತ್ತಿತ್ತು.

ಏಪ್ರಿಲ್ ತಿಂಗಳು. ಗೋಧಿ ಮಾಲ್ಟ್, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು), ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು), ಯೀಸ್ಟ್ ತರಿಸಿ ಹತ್ತು ಲೀಟರ್ ಗೋಧಿ ಬಿಯರ್ ಮಾಡಿದೆ. ಬೆಲ್ಜಿಯಂನಲ್ಲಿ ಇದಕ್ಕೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ. ನಮ್ಮಲ್ಲಿ ಇಂಡಿ ಲಿಂಬೆ ಇದೆ, ತಿಕೋಟಾ ಕಡೆಯ ಒಣದ್ರಾಕ್ಷಿ ಇದೆ, ಅದನ್ನೇ ಯಾಕೆ ಹಾಕಬಾರದು ಅನ್ನಿಸಿತು. ಲಿಂಬೆ ಸಿಪ್ಪೆಯಿಂದ ಏನೂ ಆಗಲಿಲ್ಲ. ಕೆಟ್ಟದ್ದೆಲ್ಲ ಆದದ್ದು ಒಣದ್ರಾಕ್ಷಿಯಿಂದ.

ಆರನೇ ದಿನ, ಯೀಸ್ಟ್ ಸಕ್ಕರೆ ತಿಂದು ಬಿಡುವ ಗ್ಯಾಸನ್ನು ಪಾತ್ರೆಯಿಂದ ಹೊರಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆ ಬರುವುದು ನಿಂತಿತು. ಯೀಸ್ಟಿನ ಕೆಲಸ ಮುಗಿಯಿತು ಅಂದುಕೊಂಡೆ. ಸಕ್ಕರೆ ಇನ್ನೂ ಕರಗುತ್ತಿದೆಯೋ ತೀರಿತೋ ಅಂತ ಅಳೆದು ತೋರಿಸುವ ಹೈಡ್ರೋಮೀಟರ್ ಕೈಗೆ ಸಿಗುವಂತೆಯೇ ಇತ್ತು, ಹಾಕಿ ನೋಡಲಿಲ್ಲ. ಅರ್ಧ ಕಿಲೋ ಒಣದ್ರಾಕ್ಷಿ ನೆನೆಸಿ, ಮಿಕ್ಸಿಗೆ ಹಾಕಿ, ಸೋಸಿ ಬೆರೆಸಿದೆ. ಗ್ಯಾಸ್ ಬರಲಿ ಅಂತ ಮೇಲೆ ಸಕ್ಕರೆಯನ್ನೂ ಹಾಕಿ ಅವತ್ತೇ ಹಳೆಯ ಗಾಜಿನ ಬಾಟಲಿಗಳಿಗೆ ತುಂಬಿದೆ. ಜೋಳದ ಚೀಲ ಇಡುವ ಕೋಣೆಯಲ್ಲಿ ಕತ್ತಲೆ ಜಾಸ್ತಿ. ಕ್ರೇಟ್ ಅಲ್ಲಿಟ್ಟೆ.

ಬಾಟಲಿ ತುಂಬಿದ ನಾಲ್ಕನೇ ದಿನ ಮಧ್ಯಾಹ್ನ, ಹೊರಗೆ 41 ಡಿಗ್ರಿ. ಅಕ್ಕನ ಮಗ ಆ ಕೋಣೆಯಲ್ಲೇ ಚೆಂಡು ಹುಡುಕುತ್ತಿದ್ದ. ಅವ್ವ ಮಜ್ಜಿಗೆ ಕುಡಿಯಲು ಕರೆದಳು. ಅವನು ಹೊಸ್ತಿಲು ದಾಟಿ ಬಂದ, ಒಳಗೆ ಪಟಾಕಿ ಹಾರಿದ ಹಾಗೆ ಸದ್ದಾಯಿತು.

"ಏನ್ ಸಪ್ಪಳಾತೋ ತಮ್ಮಾ?" ಅಂತ ಅವ್ವ ಓಡಿ ಬಂದಳು.

ಗೋಡೆ ತುಂಬ ನೊರೆ. ಜೋಳದ ಚೀಲಕ್ಕೆ ಬೆರಳುದ್ದದ ಗಾಜು ನೆಟ್ಟಿತ್ತು, ಸರಿಯಾಗಿ ಆ ಹುಡುಗನ ಮುಖದ ಎತ್ತರಕ್ಕೆ. ಆ ತೂತಿನಿಂದ ಜೋಳ ಸಣ್ಣಗೆ ಸುರಿಯುತ್ತಲೇ ಇತ್ತು. ಅದನ್ನು ನೋಡುತ್ತಾ ನನ್ನ ಕಾಲು ನಡುಗಿದವು.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಉಳಿದ ಬಾಟಲಿಗಳನ್ನು ಹೊರಗೆ ಒಯ್ಯಲು ಹೋದೆ. ಎತ್ತಿಕೊಂಡ ಮೊದಲನೆಯದೇ ಕೈಯಲ್ಲಿ ಒಡೆಯಿತು. ಅವ್ವ ನನ್ನನ್ನು ಹಿಂದಕ್ಕೆಳೆದು, ಎರಡು ದಪ್ಪ ಕೌದಿ ತಂದು ಕ್ರೇಟಿನ ಮೇಲೆ ಒಗೆದಳು. ರಾತ್ರಿಯೊಳಗೆ ಇನ್ನೂ ಮೂರು ಒಡೆದವು. ಗಾಜು ಕೌದಿ ದಾಟಲಿಲ್ಲ.

ತುಂಬುವ ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಆಸ್ಪತ್ರೆಯಿಂದ ಬಂದ ಮೇಲೆ ಮಾಡಿದೆ. ಗೋಧಿ ಬಿಯರ್‌ಗೆ ಬೇಕಾದ ಗ್ಯಾಸಿಗೆ ಲೀಟರಿಗೆ 7-8 ಗ್ರಾಂ ಸಕ್ಕರೆ ಸಾಕು. ಒಣದ್ರಾಕ್ಷಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಅಂದರೆ ಕಡಿಮೆ ಹಿಡಿದರೂ ನಾನು ಲೀಟರಿಗೆ 25 ಗ್ರಾಂ ಸೇರಿಸಿದ್ದೆ. ಮೇಲೆ ಹಾಕಿದ ಸಕ್ಕರೆ ಬೇರೆ. ಯೀಸ್ಟ್ ತಿಂದ ಸಕ್ಕರೆಯ ತೂಕದಲ್ಲಿ ಸುಮಾರು ಅರ್ಧ ಗ್ಯಾಸ್ ಆಗುತ್ತದೆ, ಮುಚ್ಚಿದ ಬಾಟಲಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ಸೆಕೆಗೆ ಯೀಸ್ಟೂ ಬೇಗ ತಿನ್ನುತ್ತದೆ, ಒತ್ತಡವೂ ಏರುತ್ತದೆ. ಗುಳ್ಳೆ ನಿಂತದ್ದನ್ನು ಸುಮ್ನೆ ನಂಬಬೇಡಿ. ಪಾತ್ರೆಯ ಮುಚ್ಚಳ ಸಡಿಲವಿದ್ದರೂ ಗುಳ್ಳೆ ನಿಲ್ಲುತ್ತದೆ. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಬೇಕು. ಹಣ್ಣು ಹಾಕಿದರೆ ದೊಡ್ಡ ಪಾತ್ರೆಯಲ್ಲೇ ಹಾಕಿ, ಅದರ ಸಕ್ಕರೆ ತೀರುವ ತನಕ ಕಾಯಬೇಕು.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾನಂತೂ ಪಾತ್ರೆ ಎತ್ತಿಟ್ಟಿದ್ದೇನೆ.

ಈಗಾಗಲೇ ಯಾರಾದರೂ ಹೀಗೆ ತುಂಬಿಟ್ಟಿದ್ದರೆ ಬಾಟಲಿ ಮುಟ್ಟಬೇಡಿ, ಅಲುಗಾಡಿಸಬೇಡಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ದಪ್ಪ ಕೌದಿ ಮುಚ್ಚಿ, ಅದರ ಮೇಲೆ ಐಸ್ ಇಟ್ಟು ತಣ್ಣಗಾಗಲು ಬಿಡಿ. ನಾವು ಬೆಳಗಿನ ಐದು ಗಂಟೆಗೆ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಕೌದಿಯೊಳಗೇ ಕೈಯಿಟ್ಟು ಒಂದೊಂದೇ ಮುಚ್ಚಳ ಸಡಿಲ ಮಾಡಿದೆವು. ಜೋಳದ ಚೀಲವನ್ನು ಪೂರ್ತಿ ಚೆಲ್ಲಬೇಕಾಯಿತು. ಅಷ್ಟು ಸಣ್ಣ ಗಾಜಿನ ಚೂರು ಆರಿಸಲು ಆಗುವುದಿಲ್ಲ.