ಗ್ಯಾಪ್‌ಮೈಂಡರ್ ಗುಳ್ಳೆ ನಕ್ಷೆ: ಜನಸಂಖ್ಯೆ ಪಾಠಕ್ಕೆ ಹೇಗೆ ಬಳಸಬೇಕು, ಎಲ್ಲಿ ಎಚ್ಚರ ಬೇಕು

ಜನಸಂಖ್ಯಾ ಪರಿವರ್ತನೆ ಎಂದರೆ ನಮ್ಮ ಪಿಯುಸಿ, ಪದವಿ ಪಠ್ಯಗಳಲ್ಲಿ ಎರಡು ಗೆರೆಗಳ ಒಂದು ಚಿತ್ರ. ಮೊದಲು ಮರಣ ದರ ಇಳಿಯುತ್ತದೆ, ಸ್ವಲ್ಪ ಕಾಲದ ಮೇಲೆ ಜನನ ದರ ಇಳಿಯುತ್ತದೆ, ಎರಡರ ನಡುವಿನ ಅಂತರದಲ್ಲಿ ಜನಸಂಖ್ಯೆ ಉಬ್ಬುತ್ತದೆ. ಚಿತ್ರ ತಪ್ಪಲ್ಲ, ಆದರೆ ಅದರಲ್ಲಿ ದೇಶವೂ ಇಲ್ಲ, ಇಸವಿಯೂ ಇಲ್ಲ. ಆ ಕೊರತೆ ತುಂಬುವ ಉಚಿತ ಸಾಧನಗಳಲ್ಲಿ ಗ್ಯಾಪ್‌ಮೈಂಡರ್‌ನ ಗುಳ್ಳೆ ನಕ್ಷೆಗೇ ಮೊದಲ ಸ್ಥಾನ ಕೊಡಬೇಕು. ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್, ಮಗ ಓಲಾ ಮತ್ತು ಸೊಸೆ ಅನ್ನಾ ಜೊತೆ 2005ರಲ್ಲಿ ಕಟ್ಟಿದ ಪ್ರತಿಷ್ಠಾನ ಇದು. ಒಂದು ಗುಳ್ಳೆ ಎಂದರೆ ಒಂದು ದೇಶ. ಗುಳ್ಳೆಯ ಗಾತ್ರ ಜನಸಂಖ್ಯೆ. ಪ್ಲೇ ಬಟನ್ ಒತ್ತಿದರೆ ಇಸವಿ ಉರುಳುತ್ತಾ ಗುಳ್ಳೆಗಳು ಸರಿಯುತ್ತವೆ.

ತೆರೆದ ಕೂಡಲೇ ಬರುವುದು ಆದಾಯ ಮತ್ತು ಆಯುಷ್ಯದ ನಕ್ಷೆ. ಜನಸಂಖ್ಯೆ ಪಾಠಕ್ಕೆ ಅದನ್ನು ಹಾಗೇ ಬಳಸಬೇಡಿ. ನಿಂತ ಅಕ್ಷದ ಹೆಸರಿನ ಮೇಲೆ ಒತ್ತಿ ‘ಬೇಬೀಸ್ ಪರ್ ವುಮನ್’, ಅಂದರೆ ಒಬ್ಬ ತಾಯಿಗೆ ಸರಾಸರಿ ಎಷ್ಟು ಮಕ್ಕಳು ಎಂಬುದನ್ನು ಆರಿಸಿ. ಮಲಗಿದ ಅಕ್ಷಕ್ಕೆ ‘ಚೈಲ್ಡ್ ಮಾರ್ಟಾಲಿಟಿ’ ಹಾಕಿ. ಅದು ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮುಂಚೆ ತೀರಿಕೊಳ್ಳುವವರ ಸಂಖ್ಯೆ. ಆ ಅಕ್ಷದ ಮಾಪಕ ಲಾಗ್‌ನಲ್ಲಿದ್ದರೆ ಲೀನಿಯರ್‌ಗೆ ಬದಲಿಸಿ. ಲಾಗ್ ಮಾಪಕದಲ್ಲಿ ಮರಣ ದರ 300ರಿಂದ 30ಕ್ಕೆ ಇಳಿದದ್ದೂ 30ರಿಂದ 3ಕ್ಕೆ ಇಳಿದದ್ದೂ ಒಂದೇ ಉದ್ದ ಕಾಣುತ್ತದೆ. ಮೊದಲನೆಯದರಲ್ಲಿ ಉಳಿದ ಜೀವಗಳು ಹತ್ತು ಪಟ್ಟು ಎಂಬುದು ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು ಇಸವಿಯನ್ನು 1950ಕ್ಕೆ ತನ್ನಿ, ಎರಡೋ ಮೂರೋ ದೇಶಗಳನ್ನಷ್ಟೇ ಗುರುತಿಸಿ, ಜಾಡು ಉಳಿಯುವ ‘ಟ್ರೇಲ್ಸ್’ ಆನ್ ಮಾಡಿ, ವೇಗ ತಗ್ಗಿಸಿ ಓಡಿಸಿ. ಹತ್ತು ದೇಶಗಳನ್ನು ಒಟ್ಟಿಗೆ ಗುರುತಿಸಿದರೆ ಜಾಡುಗಳು ಒಂದರ ಮೇಲೊಂದು ಬಿದ್ದು ತೆರೆ ಗೋಜಲಾಗುತ್ತದೆ. ಪ್ರೊಜೆಕ್ಟರ್‌ನಲ್ಲಿ ತೋರಿಸುವಾಗಂತೂ ಮೂರಕ್ಕಿಂತ ಹೆಚ್ಚು ಬೇಡ.

ಈಗ ಬಾಂಗ್ಲಾದೇಶವನ್ನು ಮಾತ್ರ ನೋಡಿ. ಗುಳ್ಳೆ ಹೊರಡುವುದು ಬಲಗಡೆಯ ಮೇಲ್ತುದಿಯಿಂದ. 1970ರ ಹೊತ್ತಿಗೆ ತಾಯಿಗೆ ಹೆಚ್ಚುಕಡಿಮೆ ಏಳು ಮಕ್ಕಳು, ಸಾವಿರದಲ್ಲಿ 200ಕ್ಕೂ ಹೆಚ್ಚು ಮಕ್ಕಳ ಸಾವು. ಅಲ್ಲಿಯವರೆಗೆ ಜಾಡು ಬಹುಮಟ್ಟಿಗೆ ಎಡಕ್ಕೆ ಮಾತ್ರ ಸರಿದಿರುತ್ತದೆ: ಸಾವು ತಗ್ಗಿದೆ, ಕುಟುಂಬ ದೊಡ್ಡದೇ ಇದೆ. ಪಠ್ಯದ ಎರಡು ಗೆರೆಗಳ ನಡುವಿನ ಅಂತರ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಜಾಡು ಕೆಳಕ್ಕೆ ತಿರುಗಿ, ಎಡಕ್ಕೂ ಕೆಳಕ್ಕೂ ಒಟ್ಟಿಗೆ ಜಾರುತ್ತಾ, ಎರಡು ಮಕ್ಕಳ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪಕ್ಕದಲ್ಲಿ ಪಾಕಿಸ್ತಾನವನ್ನೂ ಗುರುತಿಸಿ. 1980ರ ದಶಕದ ಕೊನೆಯವರೆಗೂ ಅದು ಆರು ಮಕ್ಕಳ ಮೇಲೆಯೇ ಇರುತ್ತದೆ. ಆ ವರ್ಷಗಳಲ್ಲಿ ಎರಡರಲ್ಲಿ ಬಡದೇಶ ಬಾಂಗ್ಲಾ. ಆದಾಯ ಏರಿದ ಮೇಲೆಯೇ ಕುಟುಂಬ ಚಿಕ್ಕದಾಗುತ್ತದೆ ಎಂದು ಕಲಿಸುವವರು ಈ ಎರಡು ಜಾಡುಗಳನ್ನು ಒಮ್ಮೆ ನೋಡಲೇಬೇಕು.

ನಕ್ಷೆ ಹೇಳದೆ ಬಿಡುವುದು ಕಾರಣವನ್ನು. ಅದನ್ನು ಮೇಷ್ಟ್ರೇ ತುಂಬಬೇಕು. ಬಾಂಗ್ಲಾದಲ್ಲಿ ಮಹಿಳಾ ಕಾರ್ಯಕರ್ತೆಯರು ಗರ್ಭನಿರೋಧಕ ಸಾಮಗ್ರಿಯನ್ನು ಮನೆಬಾಗಿಲಿಗೇ ಒಯ್ದರು. ಅಲ್ಲಿಯ ಸ್ವಯಂಸೇವಾ ಸಂಸ್ಥೆ ಬ್ರಾಕ್‌ನವರು 1980ರ ದಶಕದಲ್ಲಿ ಮನೆಮನೆಗೆ ಹೋಗಿ, ವಾಂತಿಭೇದಿಯಾದ ಮಗುವಿಗೆ ಮನೆಯಲ್ಲೇ ನೀರು ಕಲಸಿ ಕುಡಿಸುವುದನ್ನು ತಾಯಂದಿರಿಗೆ ಕಲಿಸಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹೆತ್ತ ಮಗು ಬದುಕುತ್ತದೆ ಎಂಬ ಧೈರ್ಯ ಬಂದ ಮೇಲೆ ಹೆರಿಗೆ ಸಾಕು ಎನ್ನುವ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ.

ಚೀನಾದ ಜಾಡಿನಲ್ಲೂ ತಿದ್ದಬೇಕಾದ ಒಂದು ಕಲ್ಪನೆ ಇದೆ. ಒಂದೇ ಮಗುವಿನ ನಿಯಮದಿಂದಲೇ ಅಲ್ಲಿ ಜನನ ಇಳಿಯಿತು ಎಂಬ ಮಾತು ಬಹಳ ಬಳಕೆಯಲ್ಲಿದೆ. ಗುಳ್ಳೆಯನ್ನು 1970ರಲ್ಲಿ ಒಮ್ಮೆ, 1979ರಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ಆರರ ಹತ್ತಿರ ಇದ್ದದ್ದು ಮೂರಕ್ಕಿಂತ ಕೆಳಗೆ ಬಂದಿರುತ್ತದೆ. ಒಂದೇ ಮಗುವಿನ ನಿಯಮ ದೇಶಕ್ಕೆಲ್ಲ ಬಂದದ್ದು ಅದರ ನಂತರ.

ಇನ್ನು ಎಡವುವ ಜಾಗಗಳು. ಇಸವಿಯ ಗೆರೆ 1800ರಿಂದ ಶುರುವಾಗುತ್ತದೆ, ಆದರೆ ಏಷ್ಯಾ, ಆಫ್ರಿಕಾದ ಬಹುತೇಕ ದೇಶಗಳಿಗೆ 1950ಕ್ಕಿಂತ ಹಿಂದಿನದು ಅಂದಾಜು. ವಿಶ್ವಸಂಸ್ಥೆಯ ಸರಣಿಯೇ ಶುರುವಾಗುವುದು 1950ರಿಂದ. ದಶಕಗಟ್ಟಲೆ ಅಲುಗಾಡದ ನುಣುಪಾದ ಗೆರೆ ಕಂಡರೆ ಅದನ್ನು ಅಳತೆ ಎಂದುಕೊಳ್ಳಬೇಡಿ. ಗಡಿಗಳೆಲ್ಲ ಇಂದಿನವು, ಹಾಗಾಗಿ 1900ರಲ್ಲೂ ಪಾಕಿಸ್ತಾನ ಬೇರೆ ಗುಳ್ಳೆಯಾಗಿಯೇ ಇರುತ್ತದೆ. ಮುಂದಿನ ಇಸವಿಗಳಿಗೆ ಸರಿಸಿದರೆ ಬರುವುದು ಮುನ್ನಂದಾಜು. 2021ರ ಜನಗಣತಿ ಮುಂದಕ್ಕೆ ಹೋದದ್ದರಿಂದ ಭಾರತದ ಗುಳ್ಳೆಯ ಗಾತ್ರವೂ 2011ರ ನಂತರ ಲೆಕ್ಕಾಚಾರದ್ದೇ.

ನಮಗೆ ದೊಡ್ಡ ಕೊರತೆ ಎಂದರೆ ಇಡೀ ಭಾರತ ಒಂದೇ ಗುಳ್ಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಒಟ್ಟು ಫಲವತ್ತತೆ ದರ (ತಾಯಿಗೆ ಸರಾಸರಿ ಮಕ್ಕಳು) 2.0, ಬಿಹಾರದ್ದು 3.0, ಕರ್ನಾಟಕದ್ದು 1.7. ಒಂದು ತಲೆಮಾರಿನ ಜಾಗವನ್ನು ಮುಂದಿನದು ಅಷ್ಟೇ ಸಂಖ್ಯೆಯಲ್ಲಿ ತುಂಬಲು ಬೇಕಾದ 2.1ಕ್ಕಿಂತ ನಾವು ಆಗಲೇ ಬಹಳ ಕೆಳಗೆ ಬಂದಿದ್ದೇವೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ನಾಡಿದು. ರಾಜ್ಯ ರಾಜ್ಯಗಳ ನಡುವಿನ ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ಗೊತ್ತಾಗದೆ ಹೋಗಬಾರದು.

ಇದಕ್ಕೆ ದಾರಿ ಇದೆ. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಗ್ಯಾಪ್‌ಮೈಂಡರ್ ಆಫ್‌ಲೈನ್ ಆವೃತ್ತಿ ಇಂಟರ್ನೆಟ್ ಇಲ್ಲದೆ ಓಡುತ್ತದೆ, ನಿಮ್ಮದೇ ಸಿಎಸ್‌ವಿ ಕಡತವನ್ನೂ (ಅಂಕಿಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಪಟ್ಟಿ) ಓದುತ್ತದೆ. ಮೊದಲ ಕಂಬಸಾಲಿನಲ್ಲಿ ರಾಜ್ಯದ ಹೆಸರು, ಎರಡನೆಯದರಲ್ಲಿ ಇಸವಿ, ಆಮೇಲೆ ಒಂದೊಂದು ಸೂಚಕಕ್ಕೆ ಒಂದೊಂದು ಕಂಬಸಾಲು. ಕಡತ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಕರ್ನಾಟಕದ 2011ರ ಜನಸಂಖ್ಯೆಯನ್ನು 6,10,95,297 ಎಂದು ಅಲ್ಪವಿರಾಮ ಹಾಕಿ ಬರೆದರೆ ಒಂದು ಸಂಖ್ಯೆ ನಾಲ್ಕು ತುಂಡಾಗುತ್ತದೆ. 61095297 ಎಂದೇ ಬರೆಯಿರಿ. ಸಮೀಕ್ಷೆಯ ಇಸವಿಯನ್ನು 2019–21 ಎಂದು ಕೊಟ್ಟರೆ ಅದು ಇಸವಿಯಾಗಿ ಓದಿಸಿಕೊಳ್ಳುವುದಿಲ್ಲ. ನಡುವಿನ 2020 ಹಾಕಿ.

ಇದೇ ತಾಣದ ‘ಏಜಸ್’ ಎಂಬ ವಯೋ ಪಿರಮಿಡ್ಡನ್ನೂ ಬಿಡಬೇಡಿ. ಅದರಲ್ಲಿ ಒಂದೊಂದು ವಯಸ್ಸಿನವರಿಗೆ ಒಂದೊಂದು ಪಟ್ಟಿ, ಪಟ್ಟಿಯ ಅಗಲವೇ ಅವರ ಸಂಖ್ಯೆ. ದರ 2.0ಕ್ಕೆ ಇಳಿದ ಮೇಲೂ ಭಾರತದ ಜನಸಂಖ್ಯೆ ಏಕೆ ಏರುತ್ತಿದೆ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ಉತ್ತರ ಅಲ್ಲಿದೆ. ಹೆಚ್ಚು ಮಕ್ಕಳು ಹುಟ್ಟಿದ ಕಾಲದವರು ಈಗ ಮಕ್ಕಳಾಗುವ ವಯಸ್ಸಿನಲ್ಲಿದ್ದಾರೆ. ಮನೆಗೆ ಎರಡೇ ಮಗುವಾದರೂ ಮನೆಗಳ ಸಂಖ್ಯೆಯೇ ದೊಡ್ಡದು. ವಿಶ್ವಸಂಸ್ಥೆಯ 2024ರ ಮುನ್ನಂದಾಜಿನಲ್ಲಿ ಭಾರತ ತುದಿ ಮುಟ್ಟುವುದು 2060ರ ದಶಕದ ಆರಂಭದಲ್ಲಿ, ಸುಮಾರು 170 ಕೋಟಿಗೆ. ಇಸವಿಯನ್ನು ಹತ್ತು ಹತ್ತು ವರ್ಷ ಸರಿಸುತ್ತಾ ಹೋಗಿ. ಅಗಲವಾದ ಪಟ್ಟಿಗಳು ಮೆಟ್ಟಿಲು ಹತ್ತಿದ ಹಾಗೆ ಮೇಲೇರುವುದು ಕಾಣುತ್ತದೆ.